ಐದು ನಿಮಿಷ ಮುಂದೆ ಹೋಗುವ ಬಸ್ಸು

ಕೊಪ್ಪ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಮುಖ್ಯ ಭಾಗ ಇದು:

“ಕಳೆದ ಸಂಚಿಕೆಯಲ್ಲಿ, ಕೊಪ್ಪದ ಬಸ್ ನೌಕರರ ಸಂಘ ನಡೆಸುತ್ತಿದ್ದ ಸಹಕಾರ ಸಾರಿಗೆಯ ಬಗ್ಗೆ ನೀವು ಬರೆದ ಲೇಖನ ಓದಿದೆ. ಮಲೆನಾಡಿಗರು ಬೈಕು, ಕಾರು ಕೊಂಡು ತಮ್ಮದೇ ಬಸ್ಸನ್ನು ಕೈಬಿಟ್ಟರು ಎಂದಿದ್ದೀರಿ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗಿಬಂದವನು. ಇವತ್ತಿಗೂ ನನ್ನ ಮನೆಯಲ್ಲಿ ಸೈಕಲ್ ಕೂಡ ಇಲ್ಲ. ಆ ಬಸ್ಸನ್ನು ಮುಳುಗಿಸಿದ್ದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಎಂದು ಬರೆಯಲು ನಿಮಗೆ ಧೈರ್ಯ ಸಾಲಲಿಲ್ಲವೇ? ಈಗ ನಮ್ಮ ಕೈಮರದಲ್ಲಿ, ಅಂದರೆ ಬಸ್ಸು ನಿಲ್ಲುವ ಕೂಡುರಸ್ತೆಯಲ್ಲಿ, ಬೆಳಿಗ್ಗೆ 8.10ಕ್ಕೆ ಒಂದು ಖಾಸಗಿ ಬಸ್ಸು, 8.15ಕ್ಕೆ ಇನ್ನೊಂದು. ಆಮೇಲೆ 11.30ರವರೆಗೆ ನಾಯಿ, ದನ ಬಿಟ್ಟರೆ ರಸ್ತೆಯಲ್ಲಿ ಯಾರೂ ಇಲ್ಲ. ಸಂಜೆ 5.40ರ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಳೆಯುವ ಹೊಸ ಸರ್ಕಾರಿ ಬಸ್ಸುಗಳೆಲ್ಲ ಹೆದ್ದಾರಿಯಲ್ಲೇ. ಪೈಪೋಟಿಯಿಂದ ಜನರಿಗೆ ಒಳ್ಳೆಯದಾಗುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡಿದವನು ನಾನೇ. ಎಲ್ಲಿ ಆಗಿದೆ, ತೋರಿಸಿ. ಎಲ್ಲವನ್ನೂ ಸರ್ಕಾರವೇ ವಹಿಸಿಕೊಳ್ಳಬಾರದೇಕೆ?”

ಮೇಷ್ಟ್ರೇ,

ಮೊದಲು ತಪ್ಪೊಪ್ಪಿಗೆ. ಆ ಲೇಖನ ಬರೆದವನು ನಾನೇ. “ಕೈಬಿಟ್ಟರು” ಎಂಬ ಮಾತು ಬರೆಯುವಾಗ ನನ್ನ ಕಣ್ಣ ಮುಂದಿದ್ದವರು ನನ್ನಂಥ ಕಾರಿನವರು. ಕೈಮರದಲ್ಲಿ ಕೊಡೆ ಹಿಡಿದು ನಿಂತವರು ಅಲ್ಲಿರಲಿಲ್ಲ. ಬಸ್ಸು ಹತ್ತುವುದನ್ನು ಬಿಟ್ಟವರ ಪಾಪವನ್ನು ಹತ್ತುತ್ತಲೇ ಇದ್ದವರ ತಲೆಗೂ ಕಟ್ಟಿದಂತಾಯಿತು. ಆ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆ.

ಆದರೆ ಶಕ್ತಿ ಯೋಜನೆಯ ವಿಷಯದಲ್ಲಿ ನಿಮ್ಮ ಲೆಕ್ಕವೂ ತಪ್ಪಿದೆ. ಸಹಕಾರ ಸಾರಿಗೆ ಓಡಾಟ ನಿಲ್ಲಿಸಿದ್ದು 2020ರ ಫೆಬ್ರುವರಿಯಲ್ಲಿ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ನಡುವೆ ಮೂರು ವರ್ಷಕ್ಕೂ ಮಿಕ್ಕಿದ ಕಾಲವಿದೆ. ಹುಟ್ಟದ ಕೂಸಿನ ಮೇಲೆ ಕೊಲೆ ಆರೋಪ ಹೊರಿಸುವುದು ಬೇಡ. ಕೊರೊನಾ ಕಾರಣ ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಲಾಕ್‌ಡೌನ್ ಬಂದದ್ದು ಮಾರ್ಚ್ ಕೊನೆಗೆ, ಅಷ್ಟು ಹೊತ್ತಿಗೆ ಬಸ್ಸುಗಳು ನಿಂತು ತಿಂಗಳು ದಾಟಿತ್ತು.

ಹೊಸ ಓದುಗರಿಗಾಗಿ ಎರಡು ಮಾತು. ಶಂಕರ್ ಕಂಪನಿ ಎಂದು ಜನ ಕರೆಯುತ್ತಿದ್ದ ಖಾಸಗಿ ಬಸ್ ಸಂಸ್ಥೆ ಕಾರ್ಮಿಕ ವಿವಾದದ ನಂತರ ಬಾಗಿಲು ಮುಚ್ಚಿದಾಗ, ಬೀದಿಗೆ ಬಿದ್ದ ಅದರ ನೌಕರರು 1991ರಲ್ಲಿ ಕೊಪ್ಪದಲ್ಲಿ ಸಾರಿಗೆ ಸಹಕಾರ ಸಂಘ ಕಟ್ಟಿದರು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭವಾದದ್ದು ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಯ ಒಳರಸ್ತೆಗಳಿಂದ ಹಿಡಿದು ಶಿವಮೊಗ್ಗ, ಚಿಕ್ಕಮಗಳೂರು, ಘಾಟಿಯಾಚೆಯ ಉಡುಪಿಯವರೆಗೆ ಅದರ ಬಸ್ಸು ಓಡಿತು. ಟಿಕೆಟ್ ಹರಿಯುವವನೂ ಸ್ಟೇರಿಂಗ್ ಹಿಡಿದವನೂ ಸಂಘದ ಸದಸ್ಯನೇ ಆಗಿದ್ದ ಬಸ್ಸು ಅದು. ಅಂಥ ಸಂಸ್ಥೆ ಮೂರು ದಶಕದ ಹೊಸ್ತಿಲಲ್ಲಿ ಬಿದ್ದುಹೋಯಿತು. ಏಕೆ ಎಂಬ ಪ್ರಶ್ನೆಗೆ ಡೀಸೆಲ್, ವಿಮೆ, ಬಿಡಿಭಾಗ, ಸಾಲ ಎಂದು ಪಟ್ಟಿ ಕೊಡುವುದು ಸುಲಭ, ಕಳೆದ ಸಂಚಿಕೆಯಲ್ಲಿ ನಾನು ಕೊಟ್ಟಿದ್ದೂ ಅದನ್ನೇ. ನಿಮ್ಮ ಪತ್ರ ಓದಿದ ಮೇಲೆ ಅನಿಸುತ್ತಿದೆ, ಉತ್ತರ ನಿಮ್ಮ ಕೈಮರದಲ್ಲೇ ಇತ್ತು. 8.10 ಮತ್ತು 8.15.

ಒಂದು ಲೆಕ್ಕ ಮಾಡೋಣ. ಅಂಕಿಗಳು ಊಹೆಯವು, ನೀವು ಗಣಿತದ ಮೇಷ್ಟ್ರಾಗಿದ್ದರೆ ತಿದ್ದಿಕೊಳ್ಳಿ. ನಿಮ್ಮ ಊರಿಂದ ಪೇಟೆಗೆ 20 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನಮ್ಮ ಏರುತಗ್ಗಿನ ರಸ್ತೆಯಲ್ಲಿ ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಐದು ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ 450 ರೂಪಾಯಿ. ಚಾಲಕ, ಕಂಡಕ್ಟರ್, ಟಯರು, ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ಕಟ್ಟುವ ತೆರಿಗೆ, ವಿಮೆ, ಇವನ್ನೆಲ್ಲ ಸೇರಿಸಿದರೆ ಒಂದು ಟ್ರಿಪ್ಪಿಗೆ 900 ರೂಪಾಯಿ ಎನ್ನೋಣ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹನ್ನೆರಡು ಜನ, ತಲಾ 25 ರೂಪಾಯಿ. ಕಲೆಕ್ಷನ್ 300. ಆರುನೂರು ನಷ್ಟ. ಬೆಳಗಿನ ಟ್ರಿಪ್ಪಿನಲ್ಲಿ ಅರವತ್ತು ಜನ, 1500 ರೂಪಾಯಿ. ಆರುನೂರು ಲಾಭ. ಬೆಳಗಿನ ಬಸ್ಸು ಮಧ್ಯಾಹ್ನದ ಬಸ್ಸಿಗೆ ಊಟ ಹಾಕುತ್ತದೆ. ಹಳ್ಳಿಯ ಬಸ್ಸಿನ ಸಂಸಾರ ನಡೆಯುವುದೇ ಹೀಗೆ. ದುಡಿಯುವ ಟ್ರಿಪ್ಪು ಒಂದು, ಎರಡು. ತಿನ್ನುವ ಟ್ರಿಪ್ಪು ನಾಲ್ಕು.

ಈಗ ಇನ್ನೊಬ್ಬರು ಬರುತ್ತಾರೆ. ಅವರಿಗೆ ಬೇಕಾದದ್ದು ಬೆಳಗಿನ ಆ ಅರವತ್ತು ಜನ. ಐದು ನಿಮಿಷ ಮುಂಚಿನ ಟೈಮಿಂಗ್ ಪಡೆದುಕೊಳ್ಳುತ್ತಾರೆ. ಅರವತ್ತರಲ್ಲಿ ಮೂವತ್ತು ಅಲ್ಲಿ, ಮೂವತ್ತು ಇಲ್ಲಿ. ಇಬ್ಬರಿಗೂ 750. ಇಬ್ಬರಿಗೂ ಡೀಸೆಲ್ ಖರ್ಚು ಮೊದಲಿನಷ್ಟೇ. ಹೊಸಬರು ಆ ಟ್ರಿಪ್ಪು ಮುಗಿಸಿ ಬಸ್ಸನ್ನು ಮದುವೆ ದಿಬ್ಬಣಕ್ಕೋ ಬೇರೆ ಮಾರ್ಗಕ್ಕೋ ಹಾಕಿಕೊಳ್ಳುತ್ತಾರೆ. ಹಳಬರ ಕುತ್ತಿಗೆಗೆ ಮಧ್ಯಾಹ್ನದ ಹನ್ನೆರಡು ಜನ ಉಳಿಯುತ್ತಾರೆ. ಸಹಕಾರ ಸಾರಿಗೆಯ ಕುತ್ತಿಗೆಗೆ ಉಳಿದವರು ಇಂಥವರೇ. ಸದಸ್ಯರ ಬಸ್ಸಾದ್ದರಿಂದ, ಊರಿನ ಮುಲಾಜು ಇದ್ದದ್ದರಿಂದ, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟದ್ದರಿಂದ ತೆಳುವಾದ ಟ್ರಿಪ್ಪನ್ನು ಕತ್ತರಿಸುವುದು ಅದಕ್ಕೆ ಖಾಸಗಿಯವರಷ್ಟು ಸಲೀಸಾಗಿರಲಿಲ್ಲ. ಒಬ್ಬ ಮಾಲೀಕ ಎರಡು ದಿನದಲ್ಲಿ ತೀರ್ಮಾನಿಸುವುದನ್ನು ನೂರಾರು ಮಾಲೀಕರು ಎರಡು ವರ್ಷ ಚರ್ಚಿಸುತ್ತಾರೆ. ಸಹಕಾರದ ಹೆಮ್ಮೆಯೂ ಅದೇ, ಕಷ್ಟವೂ ಅದೇ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಹೊಸ ಪರ್ಮಿಟ್ ಎಂದರೆ ದೊಡ್ಡ ಜಗಳ. ಆಗಲೇ ಓಡಿಸುತ್ತಿರುವವರು ಆಕ್ಷೇಪ ಸಲ್ಲಿಸುತ್ತಿದ್ದರು, ಆ ಮಾರ್ಗಕ್ಕೆ ಇನ್ನೊಂದು ಬಸ್ಸು ಬೇಕೇ ಎಂದು ವಿಚಾರಣೆ ನಡೆಯುತ್ತಿತ್ತು. 1988ರ ಹೊಸ ಕಾಯ್ದೆ 1989ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ಕೇಳಿದವರಿಗೆ ಪರ್ಮಿಟ್ ಸಾಮಾನ್ಯವಾಗಿ ನಿರಾಕರಿಸಬಾರದು ಎಂಬುದು ನಿಯಮವಾಯಿತು. ಹಳೆಯ ನಿರ್ವಾಹಕರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕೋರ್ಟು ಉದಾರ ಪರ್ಮಿಟ್ ನೀತಿಯನ್ನೇ ಎತ್ತಿಹಿಡಿಯಿತು. ಸಹಕಾರ ಸಾರಿಗೆ ಹುಟ್ಟಿದ್ದೂ ಅದೇ ವರ್ಷ! ಬಾಗಿಲು ತೆರೆದ ಹೊತ್ತಿಗೆ ಹುಟ್ಟಿದ ಸಂಸ್ಥೆಗೆ, ಅದೇ ಬಾಗಿಲಿನಿಂದ ಒಳಬಂದವರನ್ನು ತಡೆಯಲಾಗಲಿಲ್ಲ.

ಪೈಪೋಟಿಯಿಂದ ಎಲ್ಲಿ ಒಳ್ಳೆಯದಾಗಿದೆ ತೋರಿಸಿ ಎಂದು ಸವಾಲು ಹಾಕಿದ್ದೀರಿ. ಘಾಟಿ ಇಳಿಯಿರಿ, ತೋರಿಸುತ್ತೇನೆ. ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಹಳಬರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲೇ ಶುರುವಾದ ಮಂಗಳೂರಿನ ಸೀಮೆ ಅದು. ಮಂಗಳೂರು, ಉಡುಪಿ ನಡುವೆ ಬಸ್ ನಿಲ್ದಾಣದಲ್ಲಿ ನಿಂತು ಗಡಿಯಾರ ನೋಡುವವರು ಕಡಿಮೆ. ಒಂದು ಹೋದರೆ ಇನ್ನೊಂದು ಬರುತ್ತದೆ. ಕರ್ಕಶ ಹಾರ್ನು, ಬಾಗಿಲಲ್ಲಿ ನೇತಾಡುವ ಕಂಡಕ್ಟರ್, ಎದೆ ನಡುಗಿಸುವ ಓವರ್‌ಟೇಕ್, ಅವೆಲ್ಲ ಆ ಸೇವೆಗೆ ಕಟ್ಟುವ ಬಡ್ಡಿ. ಆದರೂ ಅಲ್ಲಿ ಬಸ್ಸು ಸಿಗುತ್ತದೆ, ರಸ್ತೆಯ ಎರಡೂ ಬದಿಗೆ ಜನ ಒತ್ತೊತ್ತಾಗಿ ಇರುವುದರಿಂದ. ಬೆಳಿಗ್ಗೆಯೂ ಅರವತ್ತು ಜನ, ಮಧ್ಯಾಹ್ನವೂ ನಲವತ್ತು ಜನ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ. ಅಂಥ ಕಡೆ ಪೈಪೋಟಿ ಇಡೀ ದಿನಕ್ಕೆ ಹರಡುವುದಿಲ್ಲ, ದಿನದ ಒಂದೇ ಗಂಟೆಯ ಮೇಲೆ ಬಂದು ಮುಗಿಬೀಳುತ್ತದೆ. ನಿಮ್ಮ ಪಾಠ ಸುಳ್ಳಾಗಲಿಲ್ಲ ಮೇಷ್ಟ್ರೇ, ಅದು ಬಯಲಿನ ಪಾಠವಾಗಿತ್ತು ಅಷ್ಟೆ.

ಕರಾವಳಿಯಿಂದಲೇ ಇನ್ನೊಂದು ಉದಾಹರಣೆ. ಮಂಗಳೂರು, ಕಾಸರಗೋಡು ನಡುವೆ ಕರ್ನಾಟಕ ಮತ್ತು ಕೇರಳದ ಸರ್ಕಾರಿ ನಿಗಮಗಳೆರಡೂ ಬಸ್ಸು ಓಡಿಸುತ್ತವೆ. ಕೆಎಸ್‌ಆರ್‌ಟಿಸಿ ಎಂಬ ಹೆಸರು ಯಾರದೆಂದು ಇವೇ ಎರಡು ನಿಗಮಗಳು ವರ್ಷಗಟ್ಟಲೆ ಕಿತ್ತಾಡಿದವು, ಆ ಮಾತು ಬೇರೆ. ರಸ್ತೆಯ ಮೇಲೆ ಮಾತ್ರ, ಯಾರು ಎಷ್ಟು ಬಸ್ಸು ಓಡಿಸಬೇಕೆಂಬ ಬಗ್ಗೆ ಎರಡು ರಾಜ್ಯಗಳ ಒಪ್ಪಂದವಿದೆ. ಒಂದೇ ಮಾರ್ಗದಲ್ಲಿ ಇಬ್ಬರು ಇರುವುದೇ ತಪ್ಪಲ್ಲ, ಒಬ್ಬರ ಐದು ನಿಮಿಷ ಮುಂದೆ ಇನ್ನೊಬ್ಬರು ಹೊರಡುವುದು ತಪ್ಪು.

ಪೈಪೋಟಿ ಎಂದಾಗ ಯಾರ ಲೆಕ್ಕಕ್ಕೂ ಬಾರದ ಒಂದು ವಾಹನವಿದೆ. ನಿವೃತ್ತ ಶಿಕ್ಷಕರಾದ ನಿಮಗೆ ಅದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಹಳದಿ ವ್ಯಾನು. ನಿಮ್ಮ ಕಾಲದಲ್ಲಿ ಬೆಳಗಿನ ಬಸ್ಸು ತುಂಬಿಸುತ್ತಿದ್ದವರು ಶಾಲೆಯ ಮಕ್ಕಳು. ಪಾಸಿನವರಾದರೂ ಪ್ರಯಾಣಿಕರೇ. ಅವರಿದ್ದಾರೆಂದು ಬಸ್ಸು ಬರುತ್ತಿತ್ತು, ಬಸ್ಸಿದೆಯೆಂದು ಉಳಿದವರು ಹತ್ತುತ್ತಿದ್ದರು. ಈಗ ಪೇಟೆಯ ಆಂಗ್ಲ ಮಾಧ್ಯಮ ಶಾಲೆಯ ವ್ಯಾನು ಮನೆಯ ದಣಪೆಯವರೆಗೂ ಬಂದು ಮಗುವನ್ನು ಹತ್ತಿಸಿಕೊಳ್ಳುತ್ತದೆ. ಊರಿನ ಸರ್ಕಾರಿ ಶಾಲೆ ಮತ್ತು ಊರಿನ ಬಸ್ಸು, ಎರಡನ್ನೂ ಬಡವಾಗಿಸಿದ ವಾಹನ ಅದೊಂದೇ. ಯಾರನ್ನು ಬೈಯುವುದು? ನನ್ನ ಮೊಮ್ಮಗಳೂ ಅದರಲ್ಲೇ ಹೋಗುತ್ತಾಳೆ.

ಈಗ ಶಕ್ತಿ. ಸಹಕಾರ ಸಾರಿಗೆಯನ್ನು ಅದು ಮುಳುಗಿಸಲಿಲ್ಲ, ನಿಜ. ಆದರೆ ಸಹಕಾರ ಸಾರಿಗೆ ಬಿಟ್ಟುಹೋದ ಟೈಮಿಂಗನ್ನು ಹಿಡಿದುಕೊಂಡ ಸಣ್ಣ ಖಾಸಗಿಯವರನ್ನು ಅದು ಅಲ್ಲಾಡಿಸಿದೆ. ಸರ್ಕಾರಿ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಗೆ ಶೂನ್ಯ ಟಿಕೆಟ್, ಪಕ್ಕದ ಖಾಸಗಿ ಬಸ್ಸಿನಲ್ಲಿ 25 ರೂಪಾಯಿ. ಹಿಂದೆ ಬರುವ ಕೆಂಪು ಬಸ್ಸಿಗಾಗಿ ಹತ್ತು ನಿಮಿಷ ಕಾಯದವರು ಯಾರು? ಅರವತ್ತು ಜನರಲ್ಲಿ ಅರ್ಧ ಅಲ್ಲೇ ಖಾಲಿ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ವಾಹನದವರು ಬಂದ್ ನಡೆಸಿದಾಗ, ಈ ಯೋಜನೆಯನ್ನು ಖಾಸಗಿ ಬಸ್ಸಿಗೂ ವಿಸ್ತರಿಸಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರಿ ಬಸ್ಸೇ ಇಲ್ಲದ ಮಾರ್ಗಗಳ ಮಟ್ಟಿಗೆ ಆ ಬೇಡಿಕೆ ನ್ಯಾಯವಾದದ್ದು. ಬೀದರಿನ ಹೆಣ್ಣುಮಗಳಿಗೆ ಸಿಗುವ ಉಚಿತ ಪ್ರಯಾಣ ನಿಮ್ಮೂರಿನ ಹೆಣ್ಣುಮಗಳಿಗೆ ಸಿಗದಿರಲು ಕಾರಣ ಆಕೆ ತಪ್ಪಾದ ಗುಡ್ಡದ ಮೇಲೆ ಹುಟ್ಟಿದ್ದಷ್ಟೇ. ಆದರೆ ಖಾಸಗಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಎಣಿಸುವವರು ಯಾರು, ಹತ್ತನ್ನು ಇಪ್ಪತ್ತೆಂದು ಬರೆದರೆ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ ಬೇಡಿಕೆ ಇಟ್ಟವರ ಬಳಿ ಗಟ್ಟಿ ಉತ್ತರವನ್ನು ನಾನು ಕೇಳಿಲ್ಲ. ಶೂನ್ಯ ಟಿಕೆಟ್ಟಿಗೆ ಸರ್ಕಾರ ತುಂಬಿಕೊಡಬೇಕಾದ ಹಣ ನಿಗಮಗಳಿಗೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರಿದೆ.

ಯೋಜನೆಯನ್ನು ಬೈಯುವ ಮುನ್ನ ಇನ್ನೊಂದು ಸಂಗತಿ ನೋಡಬೇಕು. ಸರ್ಕಾರಿ ಬಸ್ಸು ಬರುವ ಊರುಗಳಲ್ಲಿ ಮಧ್ಯಾಹ್ನದ ಹನ್ನೆರಡು ಜನ ಇಪ್ಪತ್ತೈದಾಗಿದ್ದಾರೆ. ಆಸ್ಪತ್ರೆಗೆ, ತವರಿಗೆ, ಸಂತೆಗೆ ಹೊರಡಲು ಮನೆಯಲ್ಲಿ ದುಡ್ಡು ಕೇಳಬೇಕಿದ್ದ ಹೆಂಗಸರು ಹೊರಟಿದ್ದಾರೆ. ಇದನ್ನು ನಾನು ಬಸ್ಸಿನಲ್ಲೇ ಕುಳಿತು ನೋಡಿದ್ದೇನೆ. (ಹೌದು, ಕಳೆದ ಲೇಖನದ ನಂತರ ನಾಚಿಕೆಯಾಗಿ ಕೆಲವು ಸಲ ಬಸ್ಸು ಹತ್ತಿದೆ.)

ಇನ್ನು ಹೊಳೆಯುವ ಬಸ್ಸುಗಳ ವಿಷಯ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. 2023ರಲ್ಲಿ ಅಂಬಾರಿ ಉತ್ಸವ, ಅದೇ ವರ್ಷ ಪಲ್ಲಕ್ಕಿ, 2024ರ ಫೆಬ್ರುವರಿಯಲ್ಲಿ ಒಮ್ಮೆಗೇ ನೂರು ಅಶ್ವಮೇಧ. ಹೆಸರುಗಳಂತೂ ದಸರಾ ಮೆರವಣಿಗೆಯವು. ಇವೆಲ್ಲ ಊರಿಂದ ಊರಿಗೆ ನಡುವೆ ಹೆಚ್ಚು ನಿಲ್ಲದೆ ಓಡುವ, ದೂರದ ಪ್ರಯಾಣದ ಬಸ್ಸುಗಳು. ಶುಕ್ರವಾರ, ಭಾನುವಾರ ರಾತ್ರಿಯ ಬೆಂಗಳೂರಿನ ಪ್ರಯಾಣಿಕನೇ ಇವತ್ತು ಎಲ್ಲರ ಕಣ್ಣಿನ ಗುರಿ. ಅವನಿಗಾಗಿ ನಿಗಮ ಮತ್ತು ಖಾಸಗಿ ಸ್ಲೀಪರ್‌ಗಳ ನಡುವೆ ನಿಜವಾದ ಯುದ್ಧವಿದೆ. ಯುದ್ಧಭೂಮಿಗೆ ಹೊಸ ಕುದುರೆ ಹೋಗುವುದು ಸಹಜ. ಹಳ್ಳಿಗೆ ಬರುವ ಬಸ್ಸು ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ: ಮೊದಲು ವೇಗದೂತವಾಗಿ ಓಡಿ, ಲಕ್ಷಗಟ್ಟಲೆ ಕಿಲೋಮೀಟರ್ ಸವೆದು, ಆಮೇಲೆ ಒಳರಸ್ತೆಗೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಬಂದ ಮೇಲೆ, ತಮ್ಮನಿಗೆ ಬರುವಷ್ಟರಲ್ಲಿ ಅಂಗಿಯ ಆಯುಷ್ಯವೂ ಮುಗಿಯುತ್ತ ಬಂದಿರುತ್ತದೆ.

ಹೊಸ ಬಸ್ಸು ಬಂದರೂ ನಿಮ್ಮ ರಸ್ತೆಗೆ ಹಿಡಿಸಬೇಕಲ್ಲ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಅಲ್ಲಿ ಮಿನಿ ಬಸ್ಸುಗಳದ್ದೇ ಕಾರುಬಾರು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿದ್ದು ನಿಮಗೆ ನೆನಪಿರಬಹುದು. ಮಲೆನಾಡಿಗೆ ಬೇಕಾದದ್ದು ಗಿಡ್ಡ, ಗಟ್ಟಿ, ಏರು ಹತ್ತುವ, ಮಳೆಗಾಲದಲ್ಲಿ ಹೂತರೆ ನಾಲ್ಕು ಜನ ತಳ್ಳಬಹುದಾದ ಬಸ್ಸು. ಅಂಥದನ್ನು ಕೊಳ್ಳುವುದು ಸಣ್ಣ ಮಾಲೀಕನಿಗೆ ಈಗ ದುಬಾರಿ. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಜಿನ್ ಕಡ್ಡಾಯವಾಯಿತು. ಹೊಗೆ ಕಡಿಮೆಯಾಯಿತು, ಸಂತೋಷ. ಆದರೆ ಸ್ಪ್ಯಾನರ್ ಹಿಡಿದು ರಾತ್ರೋರಾತ್ರಿ ಬಸ್ಸು ಎಬ್ಬಿಸುತ್ತಿದ್ದ ನಮ್ಮ ಪೇಟೆಯ ಮೆಕ್ಯಾನಿಕ್‌ನಿಗೆ ಸೆನ್ಸರ್ ಹಾಳಾದ ಎಂಜಿನ್ ಮುಂದೆ ಕೈಕಟ್ಟಿ ನಿಲ್ಲುವ ಸ್ಥಿತಿ ಬಂತು. ಕಂಪನಿಯ ವರ್ಕ್‌ಶಾಪು ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ. ಬಸ್ಸು ಎರಡು ದಿನ ನಿಂತರೆ ನಿಮ್ಮ 5.40 ಎರಡು ದಿನ ಬರುವುದಿಲ್ಲ.

ಎಲ್ಲವನ್ನೂ ಸರ್ಕಾರವೇ ವಹಿಸಿಕೊಳ್ಳಲಿ ಎಂಬ ಮಾತಿಗೆ ನಮ್ಮಲ್ಲಿ ಉದ್ದನೆಯ ಚರಿತ್ರೆಯಿದೆ. 1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಕೆಲಸ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ರಾಷ್ಟ್ರೀಕರಣ ರಾಜ್ಯದ ಮೇಲೆಲ್ಲ ಒಂದೇ ದಿನ ಸುರಿದ ಮಳೆಯಲ್ಲ. ಸೀಮೆ ಸೀಮೆಗೆ ಬೇರೆ ಬೇರೆ ಯೋಜನೆ ಪ್ರಕಟಿಸಿ ಮಾರ್ಗಗಳನ್ನು ವಹಿಸಿಕೊಂಡರು, ಹಾಗಾಗಿ ಬಯಲುಸೀಮೆಯ ಹಲವೆಡೆ ಸರ್ಕಾರಿ ಬಸ್ಸೇ ಎಲ್ಲ, ಮಲೆನಾಡು, ಕರಾವಳಿಯಲ್ಲಿ ಖಾಸಗಿಯದೇ ಮೇಲುಗೈ. ಗುತ್ತಿಗೆ ವಾಹನಗಳನ್ನು, ಅಂದರೆ ಇಡಿಯಾಗಿ ಬಾಡಿಗೆಗೆ ಓಡುವ ಬಸ್ಸುಗಳನ್ನು, ವಹಿಸಿಕೊಳ್ಳಲು 1976ರಲ್ಲಿ ರಾಜ್ಯ ಕಾಯ್ದೆಯನ್ನೇ ಮಾಡಿತು, ಮರುವರ್ಷ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿಗೆಯ ಮುದ್ರೆಯನ್ನೂ ಒತ್ತಿತು. ಮುಂದೆ ಸರ್ಕಾರವೇ ಆ ಕಾಯ್ದೆಯನ್ನು ರದ್ದು ಮಾಡಿತು. ಅಂದರೆ ವಹಿಸಿಕೊಳ್ಳುವ ಅಧಿಕಾರಕ್ಕೆ ಎಂದೂ ಕೊರತೆಯಿರಲಿಲ್ಲ.

ವಹಿಸಿಕೊಂಡರೆ 5.40 ಬರುತ್ತದೆಯೇ? ಡಿಪೋದ ಮೇಜಿನ ಮೇಲೂ ಒಂದು ಪಟ್ಟಿ ಇರುತ್ತದೆ ಮೇಷ್ಟ್ರೇ. ಯಾವ ಶೆಡ್ಯೂಲು ಕಿಲೋಮೀಟರಿಗೆ ಎಷ್ಟು ತಂದಿತು ಎಂಬ ಪಟ್ಟಿ. ಡಿಪೋ ನಿಮ್ಮೂರಿಂದ ದೂರವಿದ್ದಷ್ಟೂ ಖಾಲಿ ಓಡಾಟ ಹೆಚ್ಚು, ಪಟ್ಟಿಯಲ್ಲಿ ನಿಮ್ಮೂರಿನ ಸ್ಥಾನ ಕೆಳಕ್ಕೆ. ಚಾಲಕರು ಕಡಿಮೆ ಬಿದ್ದ ದಿನ ಮೊದಲು ಯಾವ ಟ್ರಿಪ್ಪಿಗೆ ಕತ್ತರಿ ಬೀಳುತ್ತದೆಂದು ನೀವೇ ಊಹಿಸಬಹುದು. ಸಹಕಾರ ಸಂಘ ನಷ್ಟ ತಾಳಲಾರದೆ ಮುಳುಗಿತು, ಖಾಸಗಿಯವರು ನಷ್ಟ ಬಂದ ದಿನವೇ ಬಿಟ್ಟುಹೋದರು, ನಿಗಮ ನಷ್ಟವನ್ನು ಲೆಡ್ಜರಿನಲ್ಲಿ ಬರೆದಿಟ್ಟುಕೊಂಡು ಸದ್ದಿಲ್ಲದೆ ಟ್ರಿಪ್ಪು ಕಡಿಮೆ ಮಾಡುತ್ತದೆ. ಮಾಲೀಕ ಯಾರಾದರೂ ಸರಿ, ಬೆಳಗಿನ ಅರವತ್ತು ಜನರ ದುಡ್ಡು ಸಂಜೆಯ ಹನ್ನೆರಡು ಜನರಿಗೆ ತಲುಪುವ ದಾರಿ ಮುಚ್ಚಿದರೆ ಕತೆ ಒಂದೇ. ಆ ದಾರಿ ಮುಚ್ಚಿದ ಕಡೆ ಸರ್ಕಾರ ಹಣ ಕೊಡುವುದಾದರೆ, ಅದನ್ನು ಬಸ್ಸಿಗೆ ಕೊಡಬಾರದು, 5.40ಕ್ಕೆ ಕೊಡಬೇಕು. ಇಂಥ ಟ್ರಿಪ್ಪು ಓಡಿಸಿದವರಿಗೆ ಇಷ್ಟು, ಓಡಿಸದ ದಿನಕ್ಕೆ ಸೊನ್ನೆ. ಓಡಿಸುವವರು ನಿಗಮದವರೋ, ಖಾಸಗಿಯವರೋ, ನಾಳೆ ಮತ್ತೆ ಹುಟ್ಟಬಹುದಾದ ಸಹಕಾರಿಗಳೋ, ನನಗೆ ತಕರಾರಿಲ್ಲ.

ಅದು ಆಗುವವರೆಗೆ ಕೈಯಲ್ಲಿರುವ ಕೆಲಸ ಇದು. ಪರ್ಮಿಟ್ ಮತ್ತು ವೇಳಾಪಟ್ಟಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿರುತ್ತದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಅಲ್ಲಿಯ ಸಭೆಗೆ ಬಸ್ಸಿನವರು ವಕೀಲರೊಂದಿಗೆ ಹೋಗುತ್ತಾರೆ, ಪ್ರಯಾಣಿಕರು ಹೋಗುವುದೇ ಇಲ್ಲ. ವೇಳಾಪಟ್ಟಿ ಎಂದರೆ ಪರ್ಮಿಟ್‌ಗೆ ಅಂಟಿದ ಷರತ್ತು. ಟ್ರಿಪ್ಪು ತಪ್ಪಿಸುವುದು ಷರತ್ತು ಮುರಿದಂತೆ. ನಿಮ್ಮ ಕೈಮರದಲ್ಲಿ ಬಸ್ಸು ಹತ್ತುವವರೆಲ್ಲ ಸಹಿ ಹಾಕಿ ಎರಡೇ ಬೇಡಿಕೆ ಬರೆಯಿರಿ: 8.15ರ ಬಸ್ಸು 9.30ಕ್ಕೆ ಹೋಗಲಿ, 5.40 ತಪ್ಪಿದ ದಿನಗಳ ಲೆಕ್ಕ ಕೇಳಲಿ. “ನಮ್ಮೂರಿಗೆ ಬಸ್ಸು ಬಿಡಿ” ಎಂದು ಬರೆಯಬೇಡಿ. ಅಂಥ ಅರ್ಜಿಗಳನ್ನು ನಾನು ನೋಡಿದ್ದೇನೆ, “ಈಗಾಗಲೇ ಎರಡು ಬಸ್ಸುಗಳು ಸಂಚರಿಸುತ್ತಿವೆ” ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಆ ಉತ್ತರ ಸುಳ್ಳೂ ಅಲ್ಲ!

ತಪ್ಪಿದ ದಿನಗಳನ್ನು ಬರೆದಿಡಲು ನಿಮಗಿಂತ ಒಳ್ಳೆಯವರು ಬೇಕಿಲ್ಲ. ಹಾಜರಿ ಪುಸ್ತಕ ಇಟ್ಟ ಕೈ ನಿಮ್ಮದು.

ಪತ್ರದ ಜೊತೆ ನೀವು ಕಳಿಸಿದ ಚೀಟಿ, ಕೈಮರದ ಅಂಗಡಿಯ ಗೋಡೆಯಿಂದ ಬರೆದುಕೊಂಡ ಬಸ್ಸುಗಳ ವೇಳಾಪಟ್ಟಿ, ಎದುರು ಪುಟದಲ್ಲಿದೆ. 5.40ರ ಮುಂದೆ ನೀವು ಪೆನ್ಸಿಲಿನಲ್ಲಿ ಹಾಕಿದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸದೆ ಹಾಗೆಯೇ ಅಚ್ಚು ಮಾಡಿದ್ದೇವೆ.

ಸಂಪಾದಕ